ಟೆಂಟಿನ ಪರದೆಗೆ ಅಜ್ಜಿ ತೆಗೆದ ದೃಷ್ಟಿ

ಬೆಳಿಗ್ಗೆ ಯಾರೋ ಮೊಬೈಲಿಗೆ ಹಳೆಯ ಯುದ್ಧದ ವಾರ್ತಾಚಿತ್ರ ಕಳಿಸಿದ್ದರು. ಕಪ್ಪುಬಿಳುಪು ಸೈನಿಕರು ಸಾಲಾಗಿ ನಡೆಯುತ್ತಿದ್ದಂತೆ ಬಾಗೂರಿನ ಟೆಂಟ್ ಸಿನಿಮಾದ ಬೀಡಿ ವಾಸನೆ ಮೂಗಿಗೆ ಬಡಿಯಿತು.

ನಾನಾಗ ಚಿಕ್ಕ ಹುಡುಗ. ಪಾಕಿಸ್ತಾನದ ಗಡಿಗೆ ಯುದ್ಧಕ್ಕೆ ಹೋದ ಚಿಕ್ಕಪ್ಪನ ಸುದ್ದಿಯೇ ಇರಲಿಲ್ಲ. ಅಜ್ಜಿ ದಿನವೂ ನನ್ನನ್ನು ಎಳೆದುಕೊಂಡು ಟೆಂಟಿಗೆ ಹೋಗುತ್ತಿದ್ದಳು. ಸಿನಿಮಾಕ್ಕಲ್ಲ, ಅದಕ್ಕೆ ಮುಂಚೆ ತೋರಿಸುವ ವಾರ್ತಾಚಿತ್ರಕ್ಕೆ. ಸೈನಿಕರು ಕಂಡೊಡನೆ ಎದ್ದುನಿಂತು, "ಅಗೋ, ಮೂರ್ನೇವ್ನು ನಮ್ ಸಣ್ಣಪ್ಪ ಕಣ್ಲಾ!" ಎಂದು ಪರದೆಯತ್ತ ಕೈಚಾಚಿ, ತಲೆಗೆ ಬೆರಳೊತ್ತಿ ನೆಟಿಗೆ ಮುರಿದು ಮಗನ ದೃಷ್ಟಿ ತೆಗೆಯುತ್ತಿದ್ದಳು.

ಒಂದು ಸಂಜೆ ರೀಲು ಬದಲಾಗಿತ್ತು. ಸೈನಿಕರ ಜಾಗದಲ್ಲಿ ಯಾವುದೋ ಅಣೆಕಟ್ಟಿನ ಉದ್ಘಾಟನೆ. ಎತ್ತಿದ ಕೈ ಹಾಗೇ ಇಟ್ಟುಕೊಂಡು ಅಜ್ಜಿ ಕೇಳಿದಳು, "ಲೇ, ನನ್ ಮಗ ಎಲ್ಲೋದ್ನಲಾ?"

ಚಿಕ್ಕಪ್ಪ ಬರಲೇ ಇಲ್ಲ.

ಇವತ್ತು ಮೊಬೈಲಿನಲ್ಲಿ ಒಬ್ಬೊಬ್ಬ ಸೈನಿಕನನ್ನೂ ನಿಲ್ಲಿಸಿ ನೋಡಿದೆ. ಚಿಕ್ಕಪ್ಪನ ಮುಖವೇ ನನಗೆ ನೆನಪಿಲ್ಲ. ಯಾರನ್ನು ತೋರಿಸಿದರೂ ಇವನೇ ಎಂದು ನಂಬಿಬಿಡುತ್ತೇನೆ. ತೋರಿಸಲು ಅಜ್ಜಿಯೂ ಇಲ್ಲ.