ಮರಾಠಿಯಲ್ಲಿ ಕೇಳಿದ್ದು, ಕನ್ನಡದಲ್ಲಿ ಹೇಳಿದ್ದು

ನಾನು ಒಂದು ಮಾತನ್ನು ಬೇಕೆಂದೇ ತಪ್ಪಾಗಿ ಅನುವಾದಿಸಿದೆ. ಭಾಷೆ ಬಾರದೆ ಅಲ್ಲ — ಬೆಳಗಾವಿಯಲ್ಲಿ ಹುಟ್ಟಿ ಬೆಳೆದವಳಿಗೆ ಮರಾಠಿ ಬಾರದೆ ಇರುತ್ತದೆಯೆ? ಪ್ರತಿ ಪದವೂ ಅರ್ಥವಾಗಿತ್ತು. ಅರ್ಥವಾದ ಮೇಲೆಯೇ ಸುಳ್ಳು ಹೇಳಿದೆ.

ಐದು ವರ್ಷಗಳ ಹಿಂದಿನ ಮಾತು. ಶಾಲೆಯಿಂದ ನಿವೃತ್ತಳಾಗಿ, ಎನ್.ಆರ್. ಕಾಲೋನಿಯ ನಮ್ಮ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆ. ನಮ್ಮ ರಸ್ತೆಯ ಫುಟ್‌ಪಾತ್ ತುಂಬ ತರಕಾರಿ ಬುಟ್ಟಿಗಳು, ನಡೆಯುವವರು ರಸ್ತೆಗಿಳಿಯಬೇಕು. ಹಿಂದಿನ ಬೀದಿಯಲ್ಲಿ ಖಾಲಿ ಬಿದ್ದಿದ್ದ ಷೆಡ್ಡಿಗೆ ವ್ಯಾಪಾರಿಗಳನ್ನು ಕಳಿಸಬೇಕೆಂದು ನಾನು ಹಟ ಹಿಡಿದಿದ್ದೆ. ಅವರು ಒಪ್ಪಿರಲಿಲ್ಲ. ಪುಣೆಯ ಒಂದು ಬಡಾವಣೆಯಲ್ಲಿ ಇಂಥದೇ ಷೆಡ್ಡು ಚೆನ್ನಾಗಿ ನಡೆಯುತ್ತಿದೆಯೆಂದು ಕೇಳಿ, ನೋಡಿ ಕಲಿತು ಬರೋಣವೆಂದು ಆರು ಜನ ಹೊರಟೆವು. ಸಂಘದಿಂದ ಐವರು, ವ್ಯಾಪಾರಿಗಳ ಪರವಾಗಿ ಮಾವಳ್ಳಿಯ ರತ್ನಮ್ಮ.

ರತ್ನಮ್ಮ ತಾಯಿಯ ಕಾಲದಿಂದ ನಮ್ಮ ರಸ್ತೆಯಲ್ಲಿ ಸೊಪ್ಪು ಮಾರುತ್ತಿದ್ದವರು. ಉಳಿದ ಹನ್ನೊಂದು ಜನ ವ್ಯಾಪಾರಿಗಳಿಗೆ ಅವರ ಮಾತೆಂದರೆ ಮಾತು. ರೈಲಿನಲ್ಲಿ ನನ್ನ ಪಕ್ಕ ಕೂತು, "ಅಲ್ಲಿ ನಮ್ಮಂಥೋರಿಗೆ ಒಳ್ಳೇದಾಗಿದ್ರೆ ನಾನೇ ಎಲ್ರನ್ನೂ ಒಪ್ಪಿಸ್ತೀನಿ ಟೀಚರಮ್ಮ" ಎಂದಿದ್ದರು.

ಪುಣೆಯ ಷೆಡ್ಡು ಜನರಿಂದ ಗಿಜಿಗುಡುತ್ತಿತ್ತು. ಅಲ್ಲಿನ ವ್ಯಾಪಾರಿಗಳ ಮುಖಂಡರು ಸುಮನ್‌ಬಾಯಿ ಎಂಬ ಹಿರಿಯ ಹೆಂಗಸು. ನಮ್ಮ ಆರು ಜನರಲ್ಲಿ ಮರಾಠಿ ಬರುತ್ತಿದ್ದುದು ನನಗೊಬ್ಬಳಿಗೇ. ಷೆಡ್ಡಿಗೆ ಬಂದ ಹೊಸದರಲ್ಲಿ ವ್ಯಾಪಾರ ಹೇಗಿತ್ತು ಎಂದು ರತ್ನಮ್ಮ ನನ್ನಿಂದ ಕೇಳಿಸಿದರು. ಸುಮನ್‌ಬಾಯಿ ಮುಚ್ಚುಮರೆಯಿಲ್ಲದೆ ಹೇಳಿದರು — ಮೊದಲ ವರ್ಷ ತರಕಾರಿ ಕೊಳೆಯಿತು, ಅರ್ಧ ಜನ ಕಸುಬು ಬಿಟ್ಟರು. ನಿವಾಸಿಗಳೂ ನಾವೂ ಒಟ್ಟಾಗಿ ಓಡಾಡಿ ಷೆಡ್ಡಿನ ಮುಂದೆ ಬಸ್ ನಿಲ್ಲುವಂತೆ ಮಾಡಿದ ಮೇಲಷ್ಟೇ ಗಿರಾಕಿಗಳು ಬಂದರು. ಆಮೇಲೆ ರತ್ನಮ್ಮನ ಕೈ ಹಿಡಿದುಕೊಂಡು ಹೇಳಿದರು: ಬಸ್ ಬರುವ ತನಕ ನಿನ್ನ ಜಾಗ ಬಿಡಬೇಡ.

"ಮೊದಲು ಸ್ವಲ್ಪ ಕಷ್ಟ ಆಯ್ತಂತೆ, ಆಮೇಲೆ ಎಲ್ಲಾ ಸರಿಹೋಯ್ತಂತೆ" ಎಂದೆ ನಾನು.

"ಕೈ ಹಿಡ್ಕೊಂಡು ಏನೋ ಹೇಳಿದ್ರಲ್ಲ?"

"ಧೈರ್ಯವಾಗಿರು ಅಂದ್ರು."

ರತ್ನಮ್ಮ ಆಕೆಗೆ ಕೈಮುಗಿದರು. ಆಕೆ ತಲೆಯಾಡಿಸಿದರು — ತನ್ನ ಮಾತು ತಲುಪಿತೆಂದುಕೊಂಡು.

ನಮ್ಮ ಷೆಡ್ಡಿನ ಮುಂದೆ ಬಸ್ ತರಿಸುವುದೆಂದರೆ ವರ್ಷಗಟ್ಟಲೆ ಅಲೆಯುವ ಕೆಲಸ. ನನಗೆ ಅಷ್ಟು ಕಾಯುವ ಮನಸ್ಸಿರಲಿಲ್ಲ. ಕಾರಣ ಅಷ್ಟೇ. ಅದಕ್ಕಿಂತ ದೊಡ್ಡದನ್ನು ಹುಡುಕಿ ನೋಡಿದ್ದೇನೆ — ಸಿಗಲಿಲ್ಲ.

ಊರಿಗೆ ಬಂದ ರತ್ನಮ್ಮ, "ನಾನೇ ಕಣ್ಣಾರೆ ನೋಡ್ಬಂದೆ" ಎಂದು ಹನ್ನೊಂದು ಜನರನ್ನೂ ಒಪ್ಪಿಸಿದರು. ಎಲ್ಲರೂ ಷೆಡ್ಡಿಗೆ ಹೋದರು. ಗಿರಾಕಿಗಳು ಹೋಗಲಿಲ್ಲ. ವರ್ಷ ತುಂಬುವುದರೊಳಗೆ ಷೆಡ್ಡು ಮತ್ತೆ ಖಾಲಿ. ಬಿಟ್ಟುಹೋದ ಫುಟ್‌ಪಾತಿಗೆ ಸಂಘ ಅವರನ್ನು ಮತ್ತೆ ಬಿಡಲಿಲ್ಲ. ಜನ ಬೈದದ್ದು ರತ್ನಮ್ಮನನ್ನು. ಈಗ ಅವರು ತ್ಯಾಗರಾಜನಗರದಲ್ಲಿ ಅಡುಗೆ ಕಂಟ್ರಾಕ್ಟರೊಬ್ಬರ ಬಳಿ ತರಕಾರಿ ಹೆಚ್ಚುತ್ತಾರೆ. ನಮ್ಮ ಫುಟ್‌ಪಾತ್ ಮಾತ್ರ ಚೊಕ್ಕಟವಾಯಿತು. ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ.

ಹೋದ ತಿಂಗಳು ಮಲ್ಲೇಶ್ವರದ ಒಂದು ಸಂಘದವರು ಪುಣೆಯ ಅನುಭವ ಹೇಳಲು ಕರೆದಿದ್ದರು. ಅಲ್ಲಿನ ವ್ಯಾಪಾರಿಗಳು ಏನೆಂದರು ಎಂದು ಯಾರೋ ಕೇಳಿದರು. "ಧೈರ್ಯವಾಗಿರಿ ಅಂದ್ರು" ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವರು ಬರೆದುಕೊಂಡರು — ನಾಳೆ ಇನ್ನೊಂದು ಬೀದಿಯಲ್ಲಿ, ಇನ್ನೊಬ್ಬ ರತ್ನಮ್ಮ... ಮೈಕ್ ಇನ್ನೂ ಕೈಯಲ್ಲಿತ್ತು. ಅಲ್ಲೇ ನಿಂತು, ಈಗ ಹೇಳಿದ್ದು ಸುಳ್ಳು ಎಂದೆ. ಸುಮನ್‌ಬಾಯಿಯ ಮಾತನ್ನು ಒಂದೂ ಬಿಡದೆ ಹೇಳಿದೆ.

ಮರುದಿನ ಮಾವಳ್ಳಿಗೆ ಹೋದೆ. ರತ್ನಮ್ಮ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ — ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

"ನನ್ಹತ್ರ ಹೇಳಿ ಏನು ಬಂತು ಟೀಚರಮ್ಮ? ಅವ್ರ ಹತ್ರ ಹೋಗಿ ಹೇಳಿ. ನಾನು ಮೋಸ ಮಾಡ್ದೆ ಅಂತ ಇವತ್ತಿಗೂ ನನ್ನ ಮಾತಾಡ್ಸಲ್ಲ."

ಅಷ್ಟು ಹೇಳಿ ಕೆಲಸಕ್ಕೆ ಹೊರಟರು.

ಹನ್ನೊಂದು ಮನೆಗೂ ಹೋದೆ. ಒಂದು ಕಡೆ ಬಾಗಿಲು ಹಾಕಿಕೊಂಡರು. ಒಂದು ಕಡೆ ಕಾಫಿ ಕೊಟ್ಟರು. ಅದನ್ನು ಕುಡಿಯುವುದು ಬಾಗಿಲು ಹಾಕಿಸಿಕೊಂಡದ್ದಕ್ಕಿಂತ ಕಷ್ಟವಾಯಿತು. ಸಂಘದ ಕಾರ್ಯದರ್ಶಿ ಪದವಿ ಬಿಟ್ಟಿದ್ದೇನೆ. ಅವರೆಲ್ಲ ಮತ್ತೆ ಅಲ್ಲಿ ವ್ಯಾಪಾರ ಮಾಡುವಂತಾಗಲೆಂದು ಷೆಡ್ಡಿನ ಮುಂದೆ ಬಸ್ ನಿಲ್ಲಿಸಲು ಅರ್ಜಿ ಹಿಡಿದು ಅಲೆಯುತ್ತಿದ್ದೇನೆ — ಆಗಲೇ ಅಲೆಯಬೇಕಿತ್ತು. ಈ ಕೆಲಸ ಆಗುವ ತನಕ ಬಿಡುವವಳಲ್ಲ. ಆದರೆ ಅದು ಆದರೂ ಈ ತಪ್ಪು ತಪ್ಪೇ.

ಕೊನೆಯ ಮನೆ ನಿಂಬೆಹಣ್ಣು ಮಾರುತ್ತಿದ್ದ ಮುನಿಸ್ವಾಮಪ್ಪನವರದು. ಅವರು ಒಂದೇ ಪ್ರಶ್ನೆ ಕೇಳಿದರು.

"ಹಂಗಾದ್ರೆ ರತ್ನಮ್ಮಂಗೆ ಗೊತ್ತಿರ್ಲಿಲ್ವಾ?"

"ಇಲ್ಲ. ನನಗೊಬ್ಬಳಿಗೇ ಗೊತ್ತಿತ್ತು."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು, ನನ್ನತ್ತ ನೋಡದೆ, ರತ್ನಮ್ಮನ ಮನೆಯ ಕಡೆ ನಡೆದರು. ನಾನು ಹಿಂದೆ ಹೋಗಲಿಲ್ಲ.