ಆಯುಧಪೂಜೆಯ ಹಿಂದಿನ ದಿನ

ವರ್ಷಗಳ ಹಿಂದೆ, ಒಂದು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅದು ನಡೆದುಹೋಗಿತ್ತು. ನಿನ್ನೆ ತುಮಕೂರಿನ ಸೈಕಲ್ ಅಂಗಡಿಯೊಂದರಲ್ಲಿ ಯಾರೋ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಆ ವಾಸನೆಗೆ ನನ್ನ ಬಲಗೈ ತಾನಾಗಿ ಹಿಂದೆ ಸರಿಯಿತು...

ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ನಾನು ಸೇರಿದ ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸುಗಳಿದ್ದವು. ಎಲ್ಲವೂ ವಯಸ್ಸಿನಲ್ಲಿ ನನಗಿಂತ ಹಿರಿಯವು. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಮೇಸ್ತ್ರಿ ಅವನ್ನು ನೋಡಿಕೊಳ್ಳುತ್ತಿದ್ದರು. ನಾನು ಕುಣಿಗಲ್‌ನವನು, ಅರ್ಥಶಾಸ್ತ್ರ ಓದಿದವನು. ಉತ್ಪಾದನೆ ಹೆಚ್ಚಿಸಲೆಂದೇ ನನ್ನನ್ನು ಸೇರಿಸಿಕೊಂಡಿದ್ದರು. ಒಬ್ಬೊಬ್ಬ ಕೆಲಸಗಾರನ ದುಡಿಮೆಯ ಫಲ ದೇಶದಲ್ಲಿ ಮೊದಲಿನ ವೇಗದಲ್ಲಿ ಏಕೆ ಏರುತ್ತಿಲ್ಲ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಹಳೆಯ ಯಂತ್ರ, ಹೂಡದ ಬಂಡವಾಳ, ಕಲಿಸದ ಕೌಶಲ... ಎಲ್ಲವೂ ಬಾಯಿಪಾಠ. ಆದರೆ ಹೊಸ ಯಂತ್ರ ಕೊಳ್ಳುವುದಿಲ್ಲವೆಂದು ಮಾಲೀಕರು ಹೇಳಿದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಪೋಲಾಗುವ ಗಂಟೆಗಳು ಮಾತ್ರ.

ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಮೇಸ್ತ್ರಿ ಪ್ರೆಸ್ಸುಗಳನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಸ್ಪ್ರಿಂಗು ಬದಲಿಸುತ್ತಿದ್ದರು. ನನಗೆ ಅದು ಹಬ್ಬದ ಸಡಗರವೆಂದೇ ಅನ್ನಿಸಿತು. ಆ ವರ್ಷ ರದ್ದು ಮಾಡಿದೆ.

"ಹಬ್ಬದ ದಿನ ಕುಂಕುಮ ಇಟ್ರೆ ಸಾಕು ಮೇಸ್ತ್ರಿ" ಎಂದೆ.

"ದೇವ್ರಿಗಾದ್ರೆ ಸಾಕು ಸಾರ್. ಮಿಷನ್‌ಗೆ ಸಾಲಲ್ಲ."

"ಇನ್ನೊಂದಿನ ಬಿಚ್ಚೋಣ."

"ಆ ದಿನ ಬರಲ್ಲ ಬುಡಿ. ಹಬ್ಬದ ಹೆಸ್ರು ಹೇಳಿದ್ರೇನೇ ಓನರ್ರು ಮಿಷನ್ ನಿಲ್ಸಕ್ ಬುಡೋದು" ಎಂದು ನಕ್ಕರು.

ಹಬ್ಬವಾದ ಹತ್ತನೆಯ ದಿನ ಪ್ರೆಸ್ಸಿನೊಳಗೆ ತಗಡು ಓರೆಯಾಗಿತ್ತು. ಪ್ರೆಸ್ಸು ಇಳಿಸುವ ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ. ಸರಿಪಡಿಸಲು ನಾನೇ ಕೈ ಹಾಕಿದೆ. ಮೇಸ್ತ್ರಿಗೆ ಏನೋ ಸದ್ದು ಕೇಳಿಸಿರಬೇಕು, ನನಗೆ ಕೇಳಿಸಲಿಲ್ಲ. ತಮ್ಮ ಕೈ ತೂರಿಸಿ ನನ್ನ ಕೈಯನ್ನು ಆಚೆ ತಳ್ಳಿದರು. ಹನ್ನೊಂದು ಇಪ್ಪತ್ತಕ್ಕೆ ಪ್ರೆಸ್ಸು ತಾನಾಗಿ ಇಳಿಯಿತು. ಅವರ ಬಲಗೈಯ ನಾಲ್ಕು ಬೆರಳು...

ಪ್ರೆಸ್ಸನ್ನು ತಡೆಹಿಡಿಯಬೇಕಿದ್ದ, ಒಳಗೆ ಮುರಿದಿದ್ದ ಸ್ಪ್ರಿಂಗು ಹೆಬ್ಬೆರಳಿನಷ್ಟಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ, "ನಿಮ್ ಕೈ ಸರ್ಯಾಗೈತಾ ಸಾರ್? ಬರ್ಯೋ ಕೈ ಅದು" ಎಂದರು.

ಮರುದಿನ ಅದೇ ಕೈಯಿಂದ ವರದಿ ಬರೆದೆ. ಮಾಲೀಕರು ಹೇಳಿದಂತೆ, ಕಾರಣ: ಕೆಲಸಗಾರನ ಅಜಾಗರೂಕತೆ. ಮೇಸ್ತ್ರಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಗುಬ್ಬಿ ಏನು ಮಹಾ ದೂರ... ಒಂದು ದಿನವೂ ನಾನು ಹೋಗಲಿಲ್ಲ. ಕಣ್ಣು ಮುಚ್ಚಿದರೆ ಪ್ರೆಸ್ಸು ಇಳಿಯುತ್ತಿತ್ತು. ಒಂದೊಂದು ಸಲ ನನ್ನ ಕೈ ಒಳಗೇ ಉಳಿಯುತ್ತಿತ್ತು.

ಈಗಲೂ ಅಲ್ಲಿ ಅವೇ ಪ್ರೆಸ್ಸುಗಳು. ಅವುಗಳ ಸದ್ದು ಬಲ್ಲವರು ಯಾರೂ ಉಳಿದಿಲ್ಲ. ಉತ್ಪಾದನೆ ಏಕೆ ಏರುತ್ತಿಲ್ಲವೆಂದು ಮಾಲೀಕರು ತಿಂಗಳಿಗೊಮ್ಮೆ ನನ್ನನ್ನೇ ಕೇಳುತ್ತಾರೆ.

ಕಳೆದ ತಿಂಗಳು ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು. ಆ ರಾತ್ರಿ, ವರ್ಷಗಳ ನಂತರ ಮೊದಲ ಸಲ, ಬೆಳಗಾಗುವವರೆಗೆ ನಿದ್ದೆ ಮಾಡಿದೆ. ನಾನು ಯಾರ ಮುಂದೆ ತಪ್ಪೊಪ್ಪಿಕೊಳ್ಳಬೇಕಾಗಿತ್ತೋ ಆ ಒಬ್ಬರೇ ಒಬ್ಬರು ಇನ್ನಿಲ್ಲವೆಂದು ನನ್ನ ಮೈಗೆ ತಿಳಿದುಹೋಗಿತ್ತು.