ಗ್ಯಾನಪ್ಪನವರ ಮೂರು ತಾಲೂಕು, ಒಂದು ಮಗ್ಗ

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ರೋಣದ ಉದ್ಯೋಗ ತರಬೇತಿ ಕಚೇರಿಗೆ ಬರುವ ಚಹಾಗಳಲ್ಲಿ ಸಕ್ಕರೆಯಿಲ್ಲದ್ದೊಂದು ಮುಂದಿನ ತಿಂಗಳಿನಿಂದ ಕಡಿಮೆಯಾಗಲಿದೆ. ಆ ಚಹಾದ ಒಡೆಯರಾದ ವಿಸ್ತರಣಾಧಿಕಾರಿ ಶ್ರೀ ಗ್ಯಾನಪ್ಪ ಪುರ್ತಗೇರಿಯವರು ನಿವೃತ್ತರಾಗುತ್ತಿದ್ದಾರೆ. ಪದವಿ ಇದ್ದವರಿಗೆ ಕೆಲಸವಿಲ್ಲದ, ಕೆಲಸ ಬಲ್ಲವರಿಗೆ ಪದವಿಯಿಲ್ಲದ ನಮ್ಮ ಮೂರು ತಾಲೂಕುಗಳಲ್ಲಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಮಾತಾಡಿಸಿದ ಅಧಿಕಾರಿ ಇವರೊಬ್ಬರೇ.

ನರಗುಂದದಲ್ಲಿ ಸೇವೆ ಆರಂಭಿಸಿದ ಅವರು, ಮಲಪ್ರಭೆ ಉಕ್ಕಿ ಕೊಣ್ಣೂರಿನ ಸೇತುವೆ ಮುಳುಗಿದ ವರ್ಷ, ಸಂದರ್ಶನಕ್ಕೆ ಬರಲಾಗದವರನ್ನು ಗೈರುಹಾಜರೆಂದು ಬರೆಯಲೊಪ್ಪದೆ, ನೀರಿಳಿಯುವ ತನಕ ಸಂದರ್ಶನವನ್ನೇ ತಡೆಹಿಡಿದರು. ಮೇಲಿನವರು ಕಾರಣ ಕೇಳಿದಾಗ, “ಗೈರಾಗಿದ್ದು ಸೇತುವಿರಿ, ಹುಡುಗೂರಲ್ಲ” ಎಂದರಂತೆ. ರೋಣಕ್ಕೆ ಬಂದ ಮೇಲೆ, ಎಂಟನೆಯ ತರಗತಿಗೇ ಶಾಲೆ ಬಿಟ್ಟು ಮಾರುಕಟ್ಟೆಯಲ್ಲಿ ಕಡಲೆ ಚೀಲ ಹೊರುತ್ತಿದ್ದ ಪರಶುವಿಗೆ ಚೀಲ ಹೊಲಿಯುವ ಯಂತ್ರ ಕಲಿಸಿದರು. ಈಗ ಪರಶು ಬೆನ್ನು ನೆಟ್ಟಗಿಟ್ಟುಕೊಂಡು ಚೀಲಗಳ ಬಾಯಿ ಮುಚ್ಚಿಸುತ್ತಾನೆ. ಅಂಕಣಕಾರರ ಬಾಯಿ ಮುಚ್ಚಿಸುವ ಯಂತ್ರ ಅವರ ಕಚೇರಿಗೆ ಮಂಜೂರಾಗಲಿಲ್ಲ. ಆದ್ದರಿಂದ ಈ ಲೇಖನ.

ಅವರ ಕೊನೆಯ, ಎಲ್ಲಕ್ಕಿಂತ ದೊಡ್ಡ ಯೋಜನೆ ಗಜೇಂದ್ರಗಡದ ಕೈಮಗ್ಗ ಕೇಂದ್ರ. ಪದವೀಧರೆ ಅನಿತಾ ಸೀರೆಗಳನ್ನು ಮೊಬೈಲಿನಲ್ಲಿ ಮಾರಬೇಕು, ಹತ್ತನೆಯ ತರಗತಿಯವರು ನೂಲಿಗೆ ಬಣ್ಣ ಹಾಕಬೇಕು, ಶಾಲೆಯ ಮುಖ ನೋಡದ ನೇಕಾರ್ತಿ ಸುಶೀಲವ್ವ ನೇಯ್ಗೆ ಕಲಿಸಬೇಕು. ಕಲಿಸುವವರಿಗೆ ಅಂಕಪಟ್ಟಿ ಕೇಳುವ ನಿಯಮವನ್ನು ತಿದ್ದಿಸಲು ಗ್ಯಾನಪ್ಪನವರು ಗದಗಿನ ಬಸ್ಸುಗಳಲ್ಲೇ ಅರ್ಧ ಆಯುಷ್ಯ ಕಳೆದರು. ಕೊನೆಗೂ ಕೈಕಸುಬೇ ಅರ್ಹತೆ ಎಂದು ಆದೇಶ ಬಂತು. ತಿಂಗಳ ಪಗಾರವನ್ನೇ ಕಂಡಿರದ ಸುಶೀಲವ್ವ ಹೊಸ ಚಪ್ಪಲಿ ಕೊಂಡರು.

ಕಳೆದ ವಾರ ಮಗ್ಗ ಕೂಡಿಸುವ ದಿನ ಬಂತು. ನಮ್ಮ ಕಡೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ಮಂಜೂರಾದದ್ದೂ ಕುಣಿಮಗ್ಗವೇ. ಮಂಜೂರಾದ ಜಾಗ ಮಾತ್ರ ಮೊದಲನೆಯ ಮಹಡಿ! ಅರ್ಹತೆಯ ಸಾಲುಗಳನ್ನೆಲ್ಲ ತಿದ್ದಿಸಿದ ಗ್ಯಾನಪ್ಪನವರು ವಿಳಾಸದ ಸಾಲನ್ನು ಓದಿರಲಿಲ್ಲ.

“ಕುಣಿ ಎಲ್ಲಿ ತೋಡೂದ್ರಿ?” ಎಂದು ಸುಶೀಲವ್ವ ಕೇಳಿದರು.

“ಯವ್ವಾ, ಸ್ಲ್ಯಾಬಿಗೆ ಕೈ ಹಚ್ಚಂಗಿಲ್ಲ ನೋಡ್ರಿ,” ಎಂದರು ಇಂಜಿನಿಯರ್ ಸುದೀಪ.

“ಹಂಗಾರ ಕೆಳಗ ಕುಂಡರ್ತೇನಿ. ಖಾಲಿನ ಐತಲ್ಲ?”

“ಅದು ನಕ್ಷೆದಾಗ ಗಾಡಿ ನಿಲ್ಲಿಸೂ ಜಾಗಾರಿ.”

“ಗಾಡಿ ಬಿಡಾಕ ಜಾಗಾ ಐತಿ, ನನ್ನ ಕಾಲ ಬಿಡಾಕ ಇಲ್ಲೇನಪಾ?”

ಗ್ಯಾನಪ್ಪನವರು ಪೆನ್ನು ತೆಗೆದರು. “ಲಗೂ ತಿದ್ದುಪಡಿ ಬರಿ ತಮ್ಮಾ, ಈಗ ಸಹಿ ಹಾಕ್ತೇನಿ.”

“ಜಾಗಾ ಬದಲಾದ್ರ ಮಂಜೂರಾತಿನ ರದ್ದಾಗ್ತೈತ್ರಿ ಸರ. ಹೊಸಾ ಅರ್ಜಿನ ಹಾಕಬೇಕು.”

ಸುಶೀಲವ್ವ ಚಪ್ಪಲಿ ಮೆಟ್ಟಿಕೊಂಡು ಮನೆಯ ಮಗ್ಗಕ್ಕೆ ಮರಳಿದರು.

ಗ್ಯಾನಪ್ಪನವರು ನೂರು ಕಾಲ ಬಾಳಲಿ, ಸುಶೀಲವ್ವನವರ ನೌಕರಿಗಾಗಿ ಓಡಾಡುವ ಶಕ್ತಿ ಅವರ ಕಾಲಿನಲ್ಲಿ ಉಳಿಯಲಿ ಎಂದು ಹಾರೈಸುತ್ತೇನೆ. ಹೊಸ ಅರ್ಜಿಯನ್ನು ಅವರು ಆಗಲೇ ಬರೆದಿಟ್ಟಿದ್ದಾರೆ. ಅದನ್ನು ಸ್ವೀಕರಿಸುವುದು ಮುಂದಿನ ತಿಂಗಳು, ಅದೂ ಸೇವೆಯಲ್ಲಿರುವ ವಿಸ್ತರಣಾಧಿಕಾರಿಯ ಸಹಿ ಇದ್ದರೆ ಮಾತ್ರ. ಮೂರೂ ತಾಲೂಕುಗಳಿಗೆ ನೌಕರಿ ಹುಡುಕಿಕೊಡುವ ಆ ಹುದ್ದೆಯನ್ನು ಸದ್ಯಕ್ಕೆ ಖಾಲಿ ಇಡಲು ತೀರ್ಮಾನವಾಗಿದೆ.